ಉದ್ಯಾನ ಯಾರ ಮನೆಗೆ ಹತ್ತಿರ?

ಊರಿನಲ್ಲಿ ಎಷ್ಟು ಉದ್ಯಾನಗಳಿವೆ ಎಂದು ಯಾವ ಪಾಲಿಕೆಯನ್ನು ಕೇಳಿದರೂ ಒಂದು ಸಂಖ್ಯೆ ಸಿಗುತ್ತದೆ. ಬೆಂಗಳೂರಿನಲ್ಲಾದರೆ ಅದು ಸಾವಿರ ದಾಟುತ್ತದೆ. ಲಾಲ್‌ಬಾಗ್, ಕಬ್ಬನ್ ಪಾರ್ಕುಗಳು ಈ ಲೆಕ್ಕದೊಳಗಿಲ್ಲ. ಅವೆರಡೂ ರಾಜ್ಯದ ತೋಟಗಾರಿಕೆ ಇಲಾಖೆಯ ವಶದಲ್ಲಿವೆ. ಇಷ್ಟೆಲ್ಲ ಉದ್ಯಾನಗಳಿರುವ ನಗರದಲ್ಲೇ ಮಕ್ಕಳು ಬೈಕು ಬಂದಾಗಲೆಲ್ಲ ವಿಕೆಟ್ಟನ್ನು ಪಕ್ಕಕ್ಕೆ ಸರಿಸುತ್ತ ರಸ್ತೆಯ ಮೇಲೆ ಕ್ರಿಕೆಟ್ ಆಡುತ್ತಾರೆ, ವಯಸ್ಸಾದವರು ಸಂಜೆ ಕೂರಲು ಅಂಗಡಿ ಕಟ್ಟೆ ಹುಡುಕುತ್ತಾರೆ. ಎರಡೂ ಒಟ್ಟಿಗೆ ನಿಜವಾಗಿರುವುದು ಹೇಗೆ? ಉದ್ಯಾನಗಳು ಸಾಲುತ್ತಿಲ್ಲ ಎನ್ನುವುದು ಅರ್ಧ ಉತ್ತರ. ಉಳಿದರ್ಧ ಅವುಗಳನ್ನು ಯೋಜಿಸುವ ರೀತಿಯಲ್ಲಿದೆ. ನಮ್ಮ ಕಾನೂನು, ನಕ್ಷೆ, ಬಜೆಟ್ಟು ಮೂರೂ ಉದ್ಯಾನವನ್ನು ಬಡಾವಣೆಯ ಒಂದು ಪಾಲಾಗಿ ಕಾಣುತ್ತವೆ. ಮನೆಯಿಂದ ಅದು ಎಷ್ಟು ನಡಿಗೆ, ಯಾವ ಹೊತ್ತಿನಲ್ಲಿ ಬಾಗಿಲು ತೆರೆದಿರುತ್ತದೆ, ಒಳಗೆ ಹೋದವರು ಏನು ಮಾಡಬಹುದು ಎಂಬ ಪ್ರಶ್ನೆಗಳು ಹಿಂದಿನ ಸಾಲಿನಲ್ಲೇ ಉಳಿಯುತ್ತವೆ. ಅವು ಮುಂದಿನ ಸಾಲಿಗೆ ಬರುವವರೆಗೆ ಉದ್ಯಾನಗಳ ಸಂಖ್ಯೆ ಎಷ್ಟೇ ಬೆಳೆದರೂ, ಅವು ಈಗಾಗಲೇ ಉದ್ಯಾನವಿರುವವರ ಪಕ್ಕದಲ್ಲೇ ಬೆಳೆಯುತ್ತವೆ.

ಬಡಾವಣೆಯ ಜೊತೆ ಉದ್ಯಾನವನ್ನು ಕಟ್ಟಿಹಾಕಿದ್ದಕ್ಕೆ ಒಂದು ಚರಿತ್ರೆಯಿದೆ, ಅದು ಆರೋಗ್ಯದ ಭಯದಿಂದ ಶುರುವಾಗುತ್ತದೆ. ಕಾರ್ಖಾನೆಗಳ ಹೊಗೆಯಲ್ಲಿ ಉಸಿರುಗಟ್ಟಿದ್ದ ಇಂಗ್ಲೆಂಡಿನಲ್ಲಿ ಸಾರ್ವಜನಿಕ ಹಣದಿಂದ ನಿರ್ಮಾಣವಾಗಿ ಎಲ್ಲರಿಗೂ ತೆರೆದ ಬರ್ಕನ್‌ಹೆಡ್ ಪಾರ್ಕ್ 1847ರದ್ದು. ನಮ್ಮಲ್ಲಿ ಅಂಥ ಒತ್ತಡ ತಂದದ್ದು ಪ್ಲೇಗು. 1898ರಲ್ಲಿ ಬೆಂಗಳೂರಿನ ಕಿಕ್ಕಿರಿದ ಪೇಟೆಗಳಲ್ಲಿ ಪ್ಲೇಗು ಹಬ್ಬಿದ ಮೇಲೆ ಮಲ್ಲೇಶ್ವರ, ಬಸವನಗುಡಿಗಳು ಅಗಲ ರಸ್ತೆ, ಚರಂಡಿ, ಕನ್ಸರ್ವೆನ್ಸಿ ಗಲ್ಲಿ, ಗಾಳಿ ಬೆಳಕಿಗೆ ಬಿಟ್ಟ ಬಯಲುಗಳೊಂದಿಗೆ ಮೇಲೆದ್ದವು. ಮೈಸೂರಿನಲ್ಲಿ 1903ರಲ್ಲೇ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಬಂತು. ಬೆಂಗಳೂರಿಗೆ ಅಂಥದೇ ಮಂಡಳಿ 1945ರಲ್ಲಿ ಬಂದು, 1976ರ ಕಾಯ್ದೆಯಡಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಆಯಿತು. ಈ ಸಂಸ್ಥೆಗಳಿಗೆ ಜಮೀನಿನ ಮೇಲೆ ಪೂರ್ತಿ ಹಿಡಿತವಿದ್ದದ್ದು ಹೊಸ ಬಡಾವಣೆ ರಚಿಸುವಾಗ ಮಾತ್ರ. ರೈತರ ಹೊಲ ಸ್ವಾಧೀನಕ್ಕೆ ಬಂದು, ಸೈಟುಗಳಾಗಿ ಹಂಚಿಹೋಗುವ ಮುಂಚಿನ ಆ ಅವಧಿಯಲ್ಲಿ ಬಿಟ್ಟ ಬಯಲೇ ಬಯಲು. ಆಗ ಬಿಡದಿದ್ದರೆ ಮುಂದೆ ಯಾರೂ ಬಿಡಿಸಲಾರರು. ಹೀಗಾಗಿ ಉದ್ಯಾನ ಎಂದರೆ ಬಡಾವಣೆಯ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ತುಂಡು ಎಂಬ ಅಭ್ಯಾಸ ಬೇರೂರಿತು.

ಈ ಅಭ್ಯಾಸವೇ ಕಾನೂನಾಯಿತು. ಬಿಡಿಎ ಕಾಯ್ದೆಯ ಪ್ರಕಾರ ಪ್ರತಿ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗ ಉದ್ಯಾನ ಮತ್ತು ಆಟದ ಮೈದಾನಗಳಿಗೆ, ಅದಲ್ಲದೆ ಶೇಕಡಾ 10ರಷ್ಟು ನಾಗರಿಕ ಸೌಲಭ್ಯಗಳಿಗೆ, ಅಂದರೆ ಜನ ಸಿಎ ಸೈಟು ಎನ್ನುವ ಜಾಗಗಳಿಗೆ, ಮೀಸಲಿಡಬೇಕು. ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಮಾರುವಂತಿಲ್ಲ ಎಂಬ ನಿಷೇಧವೂ ಆ ಕಾಯ್ದೆಯಲ್ಲಿದೆ. ಸ್ಥಳೀಯ ಸಂಸ್ಥೆಗಳು ತಮ್ಮ ವ್ಯಾಪ್ತಿಯ ಉದ್ಯಾನ, ಆಟದ ಬಯಲು, ತೆರೆದ ಜಾಗಗಳ ಪಟ್ಟಿ ಮಾಡಬೇಕು, ಅವುಗಳನ್ನು ಬೇರೆ ಉದ್ದೇಶಕ್ಕೆ ಬಳಸಬಾರದು ಎಂದು ರಾಜ್ಯದ 1985ರ ಕಾಯ್ದೆ ಹೇಳುತ್ತದೆ. ನ್ಯಾಯಾಲಯಗಳೂ ಈ ವಿಷಯದಲ್ಲಿ ಬಿಗಿಯಾಗಿ ನಿಂತಿವೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಸ್ಥಳೀಯ ನಿವಾಸಿಗಳು ಕೋರ್ಟಿಗೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದೇ ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹಂಚಿಕೆ ರದ್ದಾದದ್ದನ್ನು ಎತ್ತಿಹಿಡಿಯಿತು. ಉದ್ಯಾನದ ಜಾಗ ಹೋದರೆ ಪ್ರಶ್ನಿಸುವ ಹಕ್ಕು ಆ ಊರಿನವರಿಗೆ ಇದ್ದೇ ಇದೆ ಎಂದಿತು. 1999ರಲ್ಲಿ ಲಖನೌದ ಝಂಡೇವಾಲಾ ಪಾರ್ಕಿನ ಅಡಿಯಲ್ಲಿ ಎದ್ದಿದ್ದ ಮಾರುಕಟ್ಟೆಯನ್ನು ಕೆಡವಿ ಪಾರ್ಕನ್ನು ಮೊದಲಿನಂತೆ ಮಾಡಿಕೊಡಿ ಎಂದೂ ಅದೇ ಕೋರ್ಟು ಆದೇಶಿಸಿತು. ಇರುವ ಉದ್ಯಾನವನ್ನು ಉಳಿಸಿಕೊಳ್ಳಲು ನಮ್ಮ ಕೈಯಲ್ಲಿ ಗಟ್ಟಿ ಆಯುಧಗಳಿವೆ.

ಆದರೆ ಇಲ್ಲದ ಉದ್ಯಾನವನ್ನು ಈ ಯಾವ ಆಯುಧವೂ ತಂದುಕೊಡುವುದಿಲ್ಲ. ಶೇಕಡಾ 15ರ ನಿಯಮ ಅನ್ವಯವಾಗುವುದು ಮಂಜೂರಾದ ಬಡಾವಣೆಗೆ. ನಗರ ಬೆಳೆದು ನುಂಗಿದ ಹಳ್ಳಿಯ ಗ್ರಾಮಠಾಣಾ, ಭೂಪರಿವರ್ತನೆಯಾಗದೆ ಹುಟ್ಟಿಕೊಂಡ ರೆವಿನ್ಯೂ ಸೈಟುಗಳ ಸಾಲು, ಕೊಳೆಗೇರಿ, ಹಳೆಯ ಪೇಟೆ ಇವುಗಳಿಗೆ ಅಂಥ ನಕ್ಷೆಯೇ ಇಲ್ಲ. ನಕ್ಷೆ ಇಲ್ಲದಲ್ಲಿ ಹಸಿರು ತುಂಡೂ ಇಲ್ಲ. ಹೀಗೆ ಜಯನಗರದಂಥ ಕಡೆ ಒಂದು ಉದ್ಯಾನದಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಚಿಕ್ಕ ಮನೆಯಲ್ಲಿ ಹೆಚ್ಚು ಜನ ಬದುಕುವ, ಸ್ವಂತ ಅಂಗಳವೂ ಇಲ್ಲದ ಕಡೆ ಒಂದೂ ಇರುವುದಿಲ್ಲ. ಹೆಚ್ಚು ಅಗತ್ಯವಿದ್ದವರಿಗೆ ಕಡಿಮೆ ಸಿಗುವಂತೆ ನಿಯಮವೇ ಏರ್ಪಾಟು ಮಾಡಿದಂತಾಯಿತು. ಮಂಜೂರಾದ ಬಡಾವಣೆಗಳಲ್ಲೂ ಲೆಕ್ಕ ನಿಂತಲ್ಲಿ ನಿಲ್ಲುವುದಿಲ್ಲ. 40 ಎಕರೆಯ ಬಡಾವಣೆಯಲ್ಲಿ 6 ಎಕರೆ ಉದ್ಯಾನಕ್ಕೆ ಬಿಟ್ಟರು ಎನ್ನೋಣ. ಒಂದೊಂದು ಸೈಟಿನಲ್ಲಿ ಒಂದು ಕುಟುಂಬವಿದ್ದಾಗ ಮಾಡಿದ ಲೆಕ್ಕ ಅದು. ಅದೇ 30×40 ಸೈಟಿನಲ್ಲಿ ನಾಲ್ಕು ಮಹಡಿ ಎದ್ದು ನಾಲ್ಕು ಬಾಡಿಗೆ ಮನೆಗಳಾದಾಗ ಜನ ನಾಲ್ಕು ಪಟ್ಟು, ಉದ್ಯಾನ ಮಾತ್ರ ಅದೇ 6 ಎಕರೆ. ಜಮೀನಿಗೆ ಪಾಲು ಕೊಟ್ಟು ಜನರನ್ನು ಎಣಿಸದ ನಿಯಮಕ್ಕೆ ಈ ಬದಲಾವಣೆ ಕಾಣುವುದೇ ಇಲ್ಲ.

ಹಾಗಾದರೆ ತಲೆಗೆ ಇಷ್ಟು ಚದರ ಮೀಟರ್ ಎಂದು ಗೊತ್ತುಮಾಡಿದರಾಯಿತಲ್ಲ ಎನ್ನಬಹುದು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ 2014ರ ಯೋಜನಾ ಮಾರ್ಗಸೂಚಿ ಒಬ್ಬರಿಗೆ 10ರಿಂದ 12 ಚದರ ಮೀಟರ್ ತೆರೆದ ಜಾಗವಿರಲಿ ಎನ್ನುತ್ತದೆ. ಹೊಸ ಊರು ಕಟ್ಟುವಾಗ ಇದು ಸರಿಯಾದ ಅಳತೆ. ಆಗಲೇ ತುಂಬಿಹೋದ ಊರಿನಲ್ಲಿ ಗುಣಿಸಿ ನೋಡಿ: 40,000 ಜನರಿರುವ ಒಂದು ವಾರ್ಡಿಗೆ ತಲೆಗೆ 10 ಚದರ ಮೀಟರಿನಂತೆ ಹೆಚ್ಚುಕಡಿಮೆ 99 ಎಕರೆ ಬೇಕು. ಅಷ್ಟು ಜಾಗ ಸಿಗುವುದಿಲ್ಲ ಎಂದು ಗೊತ್ತಾದ ಕೂಡಲೇ ಅಧಿಕಾರಿ ಫೈಲು ಮುಚ್ಚುತ್ತಾರೆ. ಗುರಿ ದೊಡ್ಡದಾದಷ್ಟೂ ಕೈಚೆಲ್ಲಲು ನೆಪ ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2017ರಲ್ಲಿ ಸೂಚಿಸಿದ ಅಳತೆ ಬೇರೆ: ಪ್ರತಿ ಮನೆಯಿಂದ 300 ಮೀಟರ್ ಒಳಗೆ, ಅಂದರೆ ಐದು ನಿಮಿಷದ ನಡಿಗೆಯಲ್ಲಿ, ಕನಿಷ್ಠ ಅರ್ಧ ಹೆಕ್ಟೇರ್ ಹಸಿರು ಜಾಗವಿರಲಿ. ಅರ್ಧ ಹೆಕ್ಟೇರ್ ಎಂದರೆ ಸುಮಾರು ಒಂದೂಕಾಲು ಎಕರೆ. 300 ಮೀಟರ್ ತ್ರಿಜ್ಯದ ವೃತ್ತದೊಳಗೆ ಬರುವ ನೆಲ ಸುಮಾರು 70 ಎಕರೆ. ವೃತ್ತಗಳು ಒಂದರ ಮೇಲೊಂದು ಬೀಳುವುದನ್ನೂ ಲೆಕ್ಕಕ್ಕೆ ಹಿಡಿದರೆ, ಸರಿಯಾದ ಕಡೆ ಸಿಕ್ಕಿದರೆ ಊರಿನ ನೆಲದಲ್ಲಿ ಶೇಕಡಾ 2ರಷ್ಟು ಜಾಗದಲ್ಲೇ ಎಲ್ಲರ ಮನೆಗೂ ಒಂದು ಉದ್ಯಾನ ಹತ್ತಿರವಾಗುತ್ತದೆ. ಇದು ಸಾಕಾಗುವ ಪ್ರಮಾಣವಲ್ಲ, ಯಾರಿಗೂ ತಪ್ಪಬಾರದ ಕನಿಷ್ಠ. ಶೇಕಡಾ 15 ಕೆಲವರ ಪಕ್ಕದಲ್ಲೇ ರಾಶಿಬಿದ್ದಿರುವುದಕ್ಕಿಂತ, ಈ ಶೇಕಡಾ 2 ಎಲ್ಲ ಕಡೆ ಹರಡಿರುವುದು ಹೆಚ್ಚು ಜನರಿಗೆ ಉಪಯೋಗ.

ಆ ಶೇಕಡಾ 2 ಕೂಡ ಎಲ್ಲಿಂದ ತರುವುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಉತ್ತರದ ಒಂದು ಭಾಗ ಆಗಲೇ ಸರ್ಕಾರದ ವಶದಲ್ಲಿರುವ, ದಿನದ ಬಹುಪಾಲು ಬೀಗ ಬಿದ್ದಿರುವ ಜಾಗಗಳಲ್ಲಿದೆ. ಉದ್ಯಾನವೇ ಇಲ್ಲದ ಎಷ್ಟೋ ಕಡೆ ಸರ್ಕಾರಿ ಶಾಲೆಯೊಂದು, ಅದರ ಮುಂದೊಂದು ಬಯಲು ಇರುತ್ತದೆ. ನ್ಯೂಯಾರ್ಕ್ ನಗರ 2007ರಲ್ಲಿ, ಪ್ರತಿಯೊಬ್ಬರಿಗೂ ಹತ್ತು ನಿಮಿಷದ ನಡಿಗೆಯಲ್ಲಿ ಪಾರ್ಕ್ ಸಿಗಬೇಕೆಂದು ಗುರಿಯಿಟ್ಟಾಗ, ಹೊಸ ಜಾಗ ಕೊಳ್ಳುವ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಶಾಲಾ ಅಂಗಳಗಳನ್ನು ಸಜ್ಜುಗೊಳಿಸಿ ತರಗತಿ ಮುಗಿದ ಮೇಲೂ ರಜಾದಿನಗಳಲ್ಲೂ ನೆರೆಯವರಿಗೆ ತೆರೆದದ್ದು. ನಮ್ಮಲ್ಲಿ ಇದಕ್ಕೆ ಬೇಕಾದದ್ದು ಶಿಕ್ಷಣ ಇಲಾಖೆ ಮತ್ತು ಪಾಲಿಕೆಯ ನಡುವೆ ಒಂದು ಒಪ್ಪಂದ, ಒಬ್ಬ ಕಾವಲುಗಾರ, ತರಗತಿ ಕೋಣೆಗಳ ಕಡೆಗೊಂದು ಪ್ರತ್ಯೇಕ ಗೇಟು. ಇನ್ನೊಂದು ಭಾಗ ಚಿಕ್ಕ ಊರುಗಳಲ್ಲಿದೆ. ತಾಲ್ಲೂಕು ಕೇಂದ್ರಗಳ ಸುತ್ತ ಇಂದು ಹತ್ತಾರು ಖಾಸಗಿ ಲೇಔಟುಗಳು ಏಳುತ್ತಿವೆ. ಒಬ್ಬೊಬ್ಬ ಡೆವಲಪರ್ ತನ್ನ ಪಾಲಿನ ಪಾರ್ಕಿಗೆಂದು ಬಿಡುವುದು ಬಹಳ ಸಲ ಸೈಟಿಗೆ ಒಗ್ಗದ ಮೂಲೆ, ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿ ಅಥವಾ ಹಳ್ಳದ ಪಕ್ಕದ ತುಂಡು. ಯೋಜನಾ ಪ್ರಾಧಿಕಾರ ಮೊದಲೇ ಸರ್ವೆ ನಂಬರುಗಳ ಮೇಲೆ ಮೈದಾನದ ಜಾಗ ಗುರುತಿಸಿ, ಅಕ್ಕಪಕ್ಕದ ಎರಡು ಮೂರು ಲೇಔಟುಗಳ ಪಾಲನ್ನು ಒಂದೇ ಕಡೆ ಕೂಡಿಸಿದರೆ, ಪೊದೆ ಬೆಳೆದ ಮೂರು ತುಂಡುಗಳ ಬದಲು ಫುಟ್‌ಬಾಲ್ ಆಡುವಷ್ಟು ದೊಡ್ಡ ಬಯಲು ಸಿಗುತ್ತದೆ. ಬೆಂಗಳೂರು ಕಳೆದುಕೊಂಡ ಅವಕಾಶ ಈ ಊರುಗಳ ಕೈಯಲ್ಲಿ ಇನ್ನೂ ಇದೆ.

ದೂರ ಕಡಿಮೆಯಾದ ಮಾತ್ರಕ್ಕೆ ಉದ್ಯಾನ ಸಿಕ್ಕಂತಲ್ಲ. ಬಾಗಿಲು ಮುಚ್ಚಿದ್ದರೆ ನೂರು ಮೀಟರೂ ದೂರವೇ. ಬೆಂಗಳೂರಿನ ಪಾರ್ಕುಗಳು ಬಹುಕಾಲ ಬೆಳಿಗ್ಗೆ ಒಂದಷ್ಟು ಹೊತ್ತು ತೆರೆದು, ನಡುಹಗಲು ಮುಚ್ಚಿ, ಮತ್ತೆ ಸಂಜೆ ತೆರೆಯುತ್ತಿದ್ದವು. ಬೆಳಗಿನ ವಾಕಿಂಗಿನವರಿಗೆ ಈ ವೇಳೆ ಹೊಂದುತ್ತದೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲು ನೆರಳು ಹುಡುಕುವ ಡೆಲಿವರಿ ಹುಡುಗನಿಗೆ, ಎರಡು ಮನೆ ಕೆಲಸದ ನಡುವೆ ಅರ್ಧ ಗಂಟೆ ಬಿಡುವಿರುವ ಹೆಂಗಸಿಗೆ ಹೊಂದುವುದಿಲ್ಲ. ಪಾಲಿಕೆಯ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂಬ 2024ರ ಘೋಷಣೆ ಈ ದೃಷ್ಟಿಯಿಂದ ದೊಡ್ಡ ಹೆಜ್ಜೆ. ಒಂದು ಇಟ್ಟಿಗೆಯನ್ನೂ ಇಡದೆ ಉದ್ಯಾನದ ಅವಧಿಯನ್ನು ಹಿಗ್ಗಿಸುವ ಕ್ರಮ. ಒಳಗಿನ ಏರ್ಪಾಟಿಗೂ ಇದೇ ಮಾತು. ಆಟವಾಡಬಾರದು, ಹುಲ್ಲು ತುಳಿಯಬಾರದು ಎಂಬ ಫಲಕಗಳ ನಡುವೆ ವಾಕಿಂಗ್ ಪಾತ್, ಓಪನ್ ಜಿಮ್, ಕಾರಂಜಿ ಇಷ್ಟನ್ನೇ ಮಾಡಿದರೆ ಹನ್ನೆರಡು ವರ್ಷದ ಮಗುವಿಗೆ ಅಲ್ಲಿ ಕೆಲಸವಿಲ್ಲ. ವಿಯೆನ್ನಾ ನಗರ 1990ರ ದಶಕದಲ್ಲಿ ತನ್ನ ಪಾರ್ಕುಗಳನ್ನು ಗಮನಿಸಿದಾಗ, ಒಂಬತ್ತು ವರ್ಷ ದಾಟಿದ ಹುಡುಗಿಯರು ಕಾಣೆಯಾಗುತ್ತಿದ್ದುದು ಗೊತ್ತಾಯಿತು. ಇದ್ದ ಒಂದೇ ಅಂಕಣವನ್ನು ಹುಡುಗರು ಆಕ್ರಮಿಸುತ್ತಿದ್ದರು. ಎರಡು ಪಾರ್ಕುಗಳಲ್ಲಿ ದೊಡ್ಡ ಬಯಲನ್ನು ಚಿಕ್ಕ ಚಿಕ್ಕ ಭಾಗಗಳಾಗಿ ವಿಂಗಡಿಸಿ, ಬ್ಯಾಡ್ಮಿಂಟನ್, ವಾಲಿಬಾಲ್ ಆಟಗಳಿಗೆ ಜಾಗ ಮಾಡಿ, ಕೂರುವ ತಾಣಗಳನ್ನೂ ಬೆಳಕಿನ ಹಾದಿಗಳನ್ನೂ ಸೇರಿಸಿದ ಮೇಲೆ ಹುಡುಗಿಯರು ಮರಳಿ ಬಂದರು. ಯಾರು ಬರುತ್ತಿದ್ದಾರೆ ಎಂದಷ್ಟೇ ನೋಡದೆ ಯಾರು ಬರುತ್ತಿಲ್ಲ ಎಂದೂ ಎಣಿಸಿದ್ದರಿಂದ ಆದ ಬದಲಾವಣೆ ಅದು.

ಹೊತ್ತು ಗೊತ್ತಿಲ್ಲದೆ ತೆರೆದಿಟ್ಟರೆ ಕುಡುಕರು, ಪುಂಡರು ಸೇರುತ್ತಾರೆ, ಹಿರಿಯರ ನೆಮ್ಮದಿ ಹಾಳಾಗುತ್ತದೆ ಎಂಬುದು ನಿವಾಸಿ ಸಂಘಗಳ ಸಾಮಾನ್ಯ ಭಯ. ಭಯಕ್ಕೆ ಕಾರಣವಿಲ್ಲದಿಲ್ಲ. ಆದರೆ ಪುಂಡರಿಗೆ ಅನುಕೂಲವಾಗುವುದು ಜನರಿಲ್ಲದ, ದೀಪವಿಲ್ಲದ ಜಾಗ. ಬೀಗ ಹಾಕಿದ ಪಾರ್ಕಿನ ಕಾಂಪೌಂಡ್ ಹಾರುವುದು ಅವರಿಗೆ ಕಷ್ಟವಲ್ಲ, ಹಾರದೆ ಹೊರಗೆ ಉಳಿಯುವವರು ಉಳಿದವರು. ಬೇರೆ ಬೇರೆ ವಯಸ್ಸಿನ, ಕೆಲಸದ ಜನ ಬೇರೆ ಬೇರೆ ಹೊತ್ತಿನಲ್ಲಿ ಬಂದುಹೋಗುವ ಪಾರ್ಕೇ ಜೀವಂತವಾಗಿ ಉಳಿಯುತ್ತದೆ ಎಂದು ನಗರ ಚಿಂತಕಿ ಜೇನ್ ಜೇಕಬ್ಸ್ ಅಮೆರಿಕದ ನಗರಗಳನ್ನು ನೋಡಿ 1961ರಲ್ಲೇ ವಾದಿಸಿದ್ದರು. ಹಣದ ಆಕ್ಷೇಪ ಇನ್ನೂ ತೂಕದ್ದು: ಕುಡಿಯುವ ನೀರಿಗೆ, ಚರಂಡಿಗೆ ದುಡ್ಡಿಲ್ಲದಾಗ ಉದ್ಯಾನ ಯಾತಕ್ಕೆ? ದುಬಾರಿಯಾಗಿರುವುದು ಉದ್ಯಾನಕ್ಕಿಂತ ಹೆಚ್ಚಾಗಿ ಅದರ ಅಲಂಕಾರ. ಕಮಾನು, ಗ್ರಾನೈಟ್ ಹಾಸು, ಸಂಗೀತ ಕಾರಂಜಿ, ನೀರು ಕುಡಿಯುವ ಲಾನು ಇವೆಲ್ಲ ಉದ್ಘಾಟನೆಯ ದಿನ ಕಣ್ಣಿಗೆ ಹಬ್ಬ, ಆಮೇಲೆ ನಿರ್ವಹಣೆಯ ಹೊರೆ. ಹೊಂಗೆ, ಬೇವು, ನೇರಳೆ ಮರಗಳ ನೆರಳು, ಮಣ್ಣಿನ ಬಯಲು, ಕುಡಿಯುವ ನೀರು, ಹೆಂಗಸರೂ ಬಳಸುವಂಥ ಚೊಕ್ಕ ಶೌಚಾಲಯ, ಇವಕ್ಕೆ ಅಷ್ಟು ಖರ್ಚಿಲ್ಲ. ಕಾಂಕ್ರೀಟು ಹಾಸದ ಮಣ್ಣು ಮಳೆನೀರನ್ನು ಹೀರಿಕೊಳ್ಳುವುದರಿಂದ ಅದು ಚರಂಡಿಯ ಕೆಲಸವನ್ನೂ ಅಷ್ಟರಮಟ್ಟಿಗೆ ಹಗುರ ಮಾಡುತ್ತದೆ.

ಇಷ್ಟೆಲ್ಲ ಯಾರು ಮಾಡಬೇಕು ಎಂಬುದಕ್ಕೆ ಸಂವಿಧಾನದಲ್ಲೇ ಉತ್ತರವಿದೆ. 74ನೇ ತಿದ್ದುಪಡಿಯಿಂದ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಯೋಜನೆಯೂ ಇದೆ, ಉದ್ಯಾನ, ತೋಟ, ಆಟದ ಮೈದಾನಗಳ ವ್ಯವಸ್ಥೆಯೂ ಇದೆ. ಎರಡನ್ನೂ ಸ್ಥಳೀಯ ಸಂಸ್ಥೆಯ ಪಟ್ಟಿಯಲ್ಲಿ ಒಟ್ಟಿಗೆ ಇಟ್ಟದ್ದು ವಿವೇಕದ ಮಾತು. ನಡೆದದ್ದು ಬೇರೆ: ನಕ್ಷೆ ಬರೆಯುವುದು ಪ್ರಾಧಿಕಾರ, ಗಿಡಕ್ಕೆ ನೀರು ಹಾಕುವುದು ಪಾಲಿಕೆ. ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರೇ ಇಲ್ಲದೆ ಆಡಳಿತ ನಡೆಯಿತು; ನಮ್ಮ ಬೀದಿಗೆ ಉದ್ಯಾನ ದೂರ ಎಂದು ಹೇಳಿಕೊಳ್ಳಲು ಕಾರ್ಪೊರೇಟರ್ ಕೂಡ ಇರಲಿಲ್ಲ. 2025ರಲ್ಲಿ ಆ ಒಂದು ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ. ಹೊಸ ಪಾಲಿಕೆಗಳಿಗೂ, ರಾಜ್ಯದ ಉಳಿದ ನಗರಸಭೆ, ಪುರಸಭೆಗಳಿಗೂ ಮೊದಲ ಕೆಲಸ ದುಬಾರಿಯದ್ದೇನಲ್ಲ. 1985ರ ಕಾಯ್ದೆ ಕೇಳುವ ಪಟ್ಟಿಯನ್ನು ವಾರ್ಡಿನ ನಕ್ಷೆಯ ಮೇಲೆ ಇಳಿಸಿ, ಪ್ರತಿ ಉದ್ಯಾನದ ಸುತ್ತ ಐದು ನಿಮಿಷದ ನಡಿಗೆಯ ಗೆರೆ ಎಳೆದು, ಹೊರಗುಳಿದ ಬೀದಿಗಳ ಹೆಸರನ್ನು ವಾರ್ಡ್ ಸಮಿತಿಯ ಮುಂದಿಡಲಿ. ಮುಂದಿನ ಬಜೆಟ್ಟಿನಲ್ಲಿ ಉದ್ಯಾನಕ್ಕೆಂದು ತೆಗೆದಿಟ್ಟ ಹಣದಲ್ಲಿ ಆ ಬೀದಿಗಳ ಪಾಲು ಮೊದಲು, ಇರುವ ಪಾರ್ಕಿನ ಹೊಸ ಕಮಾನು ಆಮೇಲೆ ಎಂಬ ಕ್ರಮವಿರಲಿ. ಉದ್ಯಾನಗಳ ಸಂಖ್ಯೆ ಕೇಳಿ ತೃಪ್ತರಾಗುವ ಮತದಾರರಿರುವವರೆಗೆ ಪಾಲಿಕೆ ಸಂಖ್ಯೆಯನ್ನೇ ಕೊಡುತ್ತದೆ. ಹೊರಗುಳಿದ ಬೀದಿಗಳ ಪಟ್ಟಿ ಕೇಳತೊಡಗಿದರೆ ಅದನ್ನು ಚಿಕ್ಕದು ಮಾಡುವ ಕೆಲಸಕ್ಕೆ ಕೈಹಾಕಲೇಬೇಕಾಗುತ್ತದೆ.