ಮಿಶಿಗನ್ನಿನ ಸಂಘ, ಹುಬ್ಬಳ್ಳಿಯ ದಳ

ಖಾದಿಯ ರಾಷ್ಟ್ರಧ್ವಜ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುತ್ತದೆ ಎಂಬುದು ಶಾಲೆಗೆ ಹೋಗುವ ಮಕ್ಕಳಿಗೆಲ್ಲ ಗೊತ್ತು. ಆದರೆ ಸ್ವಾತಂತ್ರ್ಯಕ್ಕೆ ಎಷ್ಟೋ ವರ್ಷ ಮೊದಲೇ, ತಿಂಗಳ ಕೊನೆಯ ಭಾನುವಾರ ಧ್ವಜವಂದನೆ ಮಾಡುವ ರೂಢಿಯನ್ನು ಇದೇ ಹುಬ್ಬಳ್ಳಿಯಿಂದ ದೇಶಕ್ಕೆಲ್ಲ ಹಬ್ಬಿಸಿದವರು ಡಾ. ನಾ.ಸು. ಹರ್ಡೀಕರ ಎಂಬುದು ಎಷ್ಟು ಮಕ್ಕಳಿಗೆ ಗೊತ್ತಿದೆಯೋ ಕಾಣೆ. (ಹರ್ಡೇಕರ ಮಂಜಪ್ಪನವರು ಬೇರೆ, ಇವರು ಬೇರೆ. ಪರೀಕ್ಷೆಯಲ್ಲಿ ಅದಲುಬದಲು ಮಾಡಬೇಡಿ!)

ಸೇವಾದಳ ಕಟ್ಟುವ ಮೊದಲು ಅವರು ಸಂಘಟನೆಯ ಪಾಠ ಕಲಿತದ್ದು ಎಲ್ಲಿ? ಏಳು ಸಮುದ್ರದಾಚೆ, ವಿದ್ಯಾರ್ಥಿ ಸಂಘವೊಂದರಲ್ಲಿ.

1889ರಲ್ಲಿ ಧಾರವಾಡದಲ್ಲಿ ಹುಟ್ಟಿದ ನಾರಾಯಣ ಸುಬ್ಬರಾವ್ ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿ, ಸಾರ್ವಜನಿಕ ಆರೋಗ್ಯದ ವಿಷಯ ಕಲಿಯಲು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯ ಸೇರಿದರು. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ. ಮನೆಗೆ ಬರೆದ ಕಾಗದಕ್ಕೆ ಉತ್ತರ ಬರುವಷ್ಟರಲ್ಲಿ ಋತುವೇ ಬದಲಾಗುತ್ತಿತ್ತು. ಅಲ್ಲಿನ ಭಾರತೀಯ ವಿದ್ಯಾರ್ಥಿಗಳು ಸೇರಿ ‘ಹಿಂದೂಸ್ತಾನ್ ಅಸೋಸಿಯೇಷನ್ ಆಫ್ ಅಮೆರಿಕ’ ಎಂಬ ಸಂಘ ಮಾಡಿಕೊಂಡಿದ್ದರು. ಹರ್ಡೀಕರರು ಅದರ ಅಧ್ಯಕ್ಷರಾದರು.

ಅಧ್ಯಕ್ಷಗಿರಿ ಎಂದರೆ ಹಾರ ತುರಾಯಿ ಅಂದುಕೊಳ್ಳಬೇಡಿ. ಆಗ ಮೊದಲ ಮಹಾಯುದ್ಧದ ಕಾಲ. 1917ರಲ್ಲಿ ಅಮೆರಿಕ ಸರ್ಕಾರ ಏಷ್ಯಾದ ಬಹುಪಾಲು ದೇಶಗಳ ಕೂಲಿಕಾರರು ಒಳಗೆ ಬಾರದಂತೆ ಕಾಯಿದೆ ಮಾಡಿತು. ವಿದ್ಯಾರ್ಥಿಗಳಿಗೆ ಆ ತಡೆ ಇರಲಿಲ್ಲ ನಿಜ, ಆದರೆ ಬೀದಿಯಲ್ಲಿ ನೋಡುವವರ ಕಣ್ಣು ಬದಲಾಗದೆ ಇರುತ್ತದೆಯೇ? ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಗದರ್ ಕ್ರಾಂತಿಕಾರಿಗಳ ಮೇಲೆ ದೊಡ್ಡ ಮೊಕದ್ದಮೆ ಶುರುವಾಗಿ, 1918ರ ಏಪ್ರಿಲ್‌ವರೆಗೆ ನಡೆಯಿತು. ಅಂಥ ಹೊತ್ತಿನಲ್ಲಿ ಭಾರತದ ಹೆಸರು ಹೇಳಿ ನಾಲ್ಕು ಜನರನ್ನು ಕೂಡಿಸುವುದೆಂದರೆ ಅನುಮಾನಕ್ಕೆ ತಾನಾಗಿ ಎದೆ ಒಡ್ಡಿದಂತೆ. ಊರಲ್ಲಿ ಹೆತ್ತವರು ಮಗ ಓದಿ ಬರುತ್ತಾನೆಂದು ಕಾಯುತ್ತಿರುವಾಗ ಇದೆಲ್ಲ ಬೇಕಿತ್ತೇ ಎಂದು ಆಗಲೂ ಯಾರಾದರೂ ಕೇಳಿಯೇ ಇರುತ್ತಾರೆ.

ಆಗ ಅಮೆರಿಕದಲ್ಲಿದ್ದ ಲಾಲಾ ಲಜಪತ ರಾಯರು 1917ರಲ್ಲಿ ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಂರೂಲ್ ಲೀಗ್ ಆರಂಭಿಸಿದರು. ಮರುವರ್ಷ ‘ಯಂಗ್ ಇಂಡಿಯಾ’ ಎಂಬ ಪತ್ರಿಕೆ. (ಗಾಂಧೀಜಿಯವರ ‘ಯಂಗ್ ಇಂಡಿಯಾ’ ಬೇರೆ.) ಹರ್ಡೀಕರರು ಲಾಲಾಜಿಯ ಬಲಗೈಯಾಗಿ ನಿಂತರು. ಊರೂರು ತಿರುಗಿ ಅಮೆರಿಕದವರಿಗೆ ಭಾರತದ ಸ್ಥಿತಿ ವಿವರಿಸಿದರು. ಭಾಷಣಕ್ಕೆ ಚಪ್ಪಾಳೆ ಬೀಳುತ್ತದೆ, ಸರಿ. ಚಂದಾ ವಸೂಲಿ, ರಸೀದಿ, ಸಭೆಗೆ ಜಾಗ ಹುಡುಕುವುದು, ಇವಕ್ಕೆ ಚಪ್ಪಾಳೆ ಇಲ್ಲ. ಕ್ಯಾಶ್ ಕೌಂಟರಿನ ಹಿಂದೆಯೇ ಕೂದಲು ಹಣ್ಣಾದ ನನಗೆ ಸಂಘ ಉಳಿಯುವುದು ಈ ಎರಡನೆಯ ಕೆಲಸದಿಂದ ಎಂದೇ ಅನಿಸುತ್ತದೆ.

ಇಂಥ ಸಂಘಗಳು ಇಂಗ್ಲೆಂಡಿನಲ್ಲೂ ಇದ್ದವು. ಕೇಂಬ್ರಿಡ್ಜ್‌ನ ಭಾರತೀಯ ವಿದ್ಯಾರ್ಥಿಗಳ ‘ಮಜ್ಲಿಸ್’ 1891ರಷ್ಟು ಹಳೆಯದು. ಮುಂದೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯಾದ ಜ್ಯೋತಿ ಬಸು, ಲಂಡನ್ ಮಜ್ಲಿಸ್‌ನ ಕಾರ್ಯದರ್ಶಿಯಾಗಿ ಅಲ್ಲಿಗೆ ಬರುವ ನಮ್ಮ ನಾಯಕರ ಸ್ವಾಗತಕ್ಕೆ ಓಡಾಡಿದವರು.

ಹರ್ಡೀಕರರು 1921ರಲ್ಲಿ ತಿರುಗಿ ಬಂದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ತಂಡದೊಂದಿಗೆ ಜೈಲು ಸೇರಿದರು. ಕ್ಷಮೆ ಕೇಳಿದರೆ ಬಿಡುತ್ತೇವೆ ಎಂದರೂ ಹುಬ್ಬಳ್ಳಿಯವರು ಜಗ್ಗಲಿಲ್ಲ. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದೂಸ್ತಾನಿ ಸೇವಾದಳ ರೂಪುಗೊಂಡಿತು. ಅಧ್ಯಕ್ಷರು ಜವಾಹರಲಾಲ್ ನೆಹರು. 1924ರ ಬೆಳಗಾವಿ ಅಧಿವೇಶನದಲ್ಲಿ ಸ್ವಯಂಸೇವಕರ ವ್ಯವಸ್ಥೆ ನೋಡಿಕೊಂಡವರು ಹರ್ಡೀಕರರು, ಉಮಾಬಾಯಿ ಕುಂದಾಪುರ ಮತ್ತು ಸಂಗಡಿಗರು.

ಇದನ್ನೆಲ್ಲ ಈಗ ನೆನೆಯಲು ನನ್ನ ಮೊಮ್ಮಗಳು ಕಾರಣ. ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಹೋದ ವರ್ಷ ಫೋನ್ ಮಾಡಿ, “ಅಜ್ಜಾ, ಇಲ್ಲಿ ಇಂಡಿಯನ್ ಸ್ಟೂಡೆಂಟ್ಸ್ ಅಸೋಸಿಯೇಷನ್ನಿಗೆ ಅಧ್ಯಕ್ಷೆ ಆಗು ಅಂತಾರ. ಅವ್ವ ಬ್ಯಾಡ ಅಂತಾಳ. ನೀ ಏನಂತಿ?” ಎಂದಳು. ಅವಳವ್ವನ ಭಯ ಸುಳ್ಳಲ್ಲ. ಓದಿಗೆ ಮಾಡಿದ ಸಾಲ ಮನೆಯ ಮೇಲಿದೆ, ಒಂದು ಸೆಮಿಸ್ಟರ್ ಕೆಟ್ಟರೂ ಕಂತು ಬೆಳೆಯುತ್ತದೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ರೊಕ್ಕದ ಲೆಕ್ಕ ಯಾರ ಕೈಯಾಗ ಇರತದ?” ಎಂದಷ್ಟೇ ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.

ಕೊನೆಗೆ ಅವಳು ಅಧ್ಯಕ್ಷೆಯಾಗಲು ಒಪ್ಪಿದಳು. ಪರೀಕ್ಷೆಯ ತಿಂಗಳಲ್ಲಿ ಉಪಾಧ್ಯಕ್ಷನೇ ಕೆಲಸ ನೋಡಬೇಕೆಂದು ಮೊದಲೇ ಬರೆಸಿಕೊಂಡು. ಹೊಸಬರನ್ನು ವಿಮಾನ ನಿಲ್ದಾಣದಿಂದ ಕರೆತರುವುದು, ಓದು ಮುಗಿಸಿ ಹೋಗುವವರ ಕುಕ್ಕರ್, ಹಾಸಿಗೆ ಇಸಿದುಕೊಂಡು ಬಂದವರಿಗೆ ಕೊಡುವುದು, ದೀಪಾವಳಿಗೆ ಹಾಲ್ ಹಿಡಿಯುವುದು. ಒಬ್ಬ ಹುಡುಗ ಜ್ವರದಿಂದ ಆಸ್ಪತ್ರೆ ಸೇರಿದಾಗ ರಾತ್ರಿ ಎರಡು ಗಂಟೆಗೆ ಅವನ ತಾಯಿಗೆ ಫೋನಿನಲ್ಲಿ ಧೈರ್ಯ ಹೇಳಿದವಳೂ ಇವಳೇ.

ಹಳೆಯ ಲೆಕ್ಕದ ಪುಸ್ತಕದ ಫೋಟೊಗಳನ್ನು ನನಗೇ ಕಳಿಸಿದ್ದಳು. ಎರಡು ದಿನ ಕೂತು ತಾಳೆ ನೋಡಿದೆ. ಹನ್ನೊಂದು ಯೂರೋ ಕಡಿಮೆ ಬಂತು. ಹೋಳಿ ಹಬ್ಬದ ಚುರುಮುರಿಗೆ ರಸೀದಿ ಇಲ್ಲವಂತೆ.