ಬೀದಿಬೆಕ್ಕಿಗೆ ಗೋದಾಮಿನ ಕಾವಲು

ಮನೆಗೆ ಒಗ್ಗದ, ಯಾರ ಕೈಗೂ ಸಿಗದ ಬೀದಿಬೆಕ್ಕುಗಳನ್ನು ಬೋನಿಟ್ಟು ಹಿಡಿದು, ಸಂತಾನಹರಣ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಇಲಿ ಕಾಟವಿರುವ ಕೊಟ್ಟಿಗೆ, ಗೋದಾಮುಗಳಿಗೆ ಬಿಡುವ ಪದ್ಧತಿ ಅಮೆರಿಕದಲ್ಲಿ ಬೇರೂರಿದೆ. ಷಿಕಾಗೊದ ಟ್ರೀ ಹೌಸ್ ಎಂಬ ಪ್ರಾಣಿದಯಾ ಸಂಸ್ಥೆ 2012ರಿಂದ ಇಂಥ ಬೆಕ್ಕುಗಳನ್ನು ಕಾರ್ಖಾನೆ, ಅಂಗಡಿಗಳಿಗೂ ಒದಗಿಸಿದೆ. ರಾಯಚೂರಿನ ಗಂಜ್‌ನಲ್ಲಿ, ಮಾನ್ವಿಯ ಅಕ್ಕಿ ಮಿಲ್ಲುಗಳಲ್ಲಿ, ದೇವದುರ್ಗದ ರೈತರ ಪಡಸಾಲೆಗಳಲ್ಲಿ ಇದು ನಡೆದೀತೆ? ನಡೆದೀತು. ಆದರೆ ಬೆಕ್ಕಿನಿಂದ ನಾವು ಬಯಸುವ ಕೆಲಸ ಬೇರೆ, ಅದು ಮಾಡಬಲ್ಲ ಕೆಲಸ ಬೇರೆ. ತುಂಬಿಕೊಂಡ ಇಲಿಗಳನ್ನು ಬೆಕ್ಕು ಖಾಲಿ ಮಾಡಲಾರದು. ಖಾಲಿ ಮಾಡಿಕೊಟ್ಟರೆ ಮತ್ತೆ ತುಂಬದಂತೆ ಕಾಯಬಲ್ಲದು.

ಈ ಸೀಮೆಯಲ್ಲಿ ಇಲಿಗೆ ಸುಗ್ಗಿಯಾದದ್ದು ನೀರಾವರಿಯಿಂದ. ಒಣಬೇಸಾಯದ ಬಿಳಿಜೋಳ ನೆಲದೊಳಗಿನ ಹಗೇವಿಗೆ ಇಳಿಯುತ್ತಿತ್ತು. ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಗಾಳಿಯಾಡದ ಆ ಗುಂಡಿಯಲ್ಲಿ ಹುಳುವಿಗೂ ಉಸಿರಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆ ಕಾಲುವೆ ಮಾನ್ವಿಯತ್ತ ಹರಿಯಿತು. ಆಮೇಲೆ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗವನ್ನು ಮುಟ್ಟಿತು. ನೆಲ್ಲು ಬಂತು, ಅದರ ಹಿಂದೆ ಗೋಣಿಚೀಲದ ನಿಟ್ಟುಗಳು ಬಂದವು. ಗದ್ದೆಯ ಒಡ್ಡಿನಲ್ಲಿ ಬಿಲ ತೋಡಿ ತೆನೆ ಕೂಡಿಡುವ ಹೆಗ್ಗಣಕ್ಕೂ ಚೀಲ ಕಡಿಯುವ ಇಲಿಗೂ ಇದಕ್ಕಿಂತ ಏನು ಬೇಕು? ನಮ್ಮ ಉತ್ತರ ಇಲಿ ಪಾಷಾಣ, ಅಂದರೆ ಹೆಚ್ಚಾಗಿ ಜಿಂಕ್ ಫಾಸ್ಫೈಡ್. ಅರೆಬರೆ ತಿಂದು ಬದುಕಿದ ಇಲಿ ಆ ತಿಂಡಿಯನ್ನು ಮತ್ತೆ ಮೂಸುವುದಿಲ್ಲ. ಅದಕ್ಕೇ ಮೊದಲು ಎರಡು ಮೂರು ದಿನ ವಿಷವಿಲ್ಲದ ತಿಂಡಿ ಇಟ್ಟು ರೂಢಿ ಮಾಡಿಸಬೇಕೆಂದು ಕೃಷಿ ತಜ್ಞರು ಹೇಳುವುದು. ಅಷ್ಟು ತಾಳ್ಮೆ ಎಷ್ಟು ಜನಕ್ಕಿದೆ? ಉಳಿದ ನಾಲ್ಕು ಇಲಿ ಮೂರು ವಾರಕ್ಕೊಮ್ಮೆ ಈಯಬಲ್ಲವು. ಕೆಲವೇ ತಿಂಗಳಲ್ಲಿ ಲೆಕ್ಕ ಮೊದಲಿನಂತೆಯೇ.

ಈ ಮರುತುಂಬುವಿಕೆಯಲ್ಲೇ ಬೆಕ್ಕಿಗೆ ಕೆಲಸವಿದೆ. ತುಂಗಭದ್ರೆಯ ಅಣೆಕಟ್ಟೆ ಮುಗಿದ ಅದೇ 1953ರಲ್ಲಿ ಇಂಗ್ಲೆಂಡಿನ ಪರಿಸರ ವಿಜ್ಞಾನಿ ಚಾರ್ಲ್ಸ್ ಎಲ್ಟನ್, ಹೊಲಮನೆಗಳ ಬೆಕ್ಕುಗಳ ಬಗ್ಗೆ ಪ್ರಕಟಿಸಿದ ಅಧ್ಯಯನದ ತಾತ್ಪರ್ಯ ಇಷ್ಟೆ: ಇಲಿಗಳನ್ನು ಮೊದಲು ತೆಗೆದ ಜಾಗವನ್ನು, ದಿನವೂ ಹಾಲು ಸಿಗುವ ಬೆಕ್ಕುಗಳು ಇಲಿಯಿಲ್ಲದಂತೆ ಕಾಯ್ದುಕೊಳ್ಳುತ್ತವೆ. ತದ್ವಿರುದ್ಧವಾದ ಸಾಕ್ಷ್ಯವೆಂದು ಎಲ್ಲರೂ ಎತ್ತಿ ತೋರಿಸುವುದು ನ್ಯೂಯಾರ್ಕಿನ ಕಸ ಸಂಸ್ಕರಣ ಘಟಕವೊಂದರ 2018ರ ಅಧ್ಯಯನವನ್ನು. ಅಲ್ಲಿ 79 ದಿನಗಳ ಚಿತ್ರೀಕರಣದಲ್ಲಿ ಬೆಕ್ಕುಗಳು ಕೊಂದದ್ದು ಎರಡೇ ಇಲಿ. ಆದರೆ ಬೆಕ್ಕು ಸುಳಿದಾಡಿದ ದಿನ ಇಲಿಗಳು ಬಯಲಿಗೆ ಬರುವುದು ಕಡಿಮೆಯಾಯಿತು ಎಂಬುದೂ ಅದೇ ಅಧ್ಯಯನದಲ್ಲಿದೆ. ಆಫ್ರಿಕಾದ ಎಸ್ವಾಟಿನಿಯ (ಆಗಿನ ಸ್ವಾಜಿಲ್ಯಾಂಡ್) ಹಳ್ಳಿಮನೆಗಳಲ್ಲಿ ಇನ್ನೊಂದು ಸಂಗತಿ ಕಂಡಿತು: ಬೆಕ್ಕು, ನಾಯಿ ಎರಡೂ ಇದ್ದ ಮನೆಗಳ ಸುತ್ತ ಇಲಿಗಳು ಮೇಯುವುದೇ ಕುಗ್ಗಿತ್ತು, ಒಂದೇ ಇದ್ದಲ್ಲಿ ಅಷ್ಟು ಪರಿಣಾಮವಿರಲಿಲ್ಲ. ಬೆಕ್ಕಿನ ಹಲ್ಲಿಗಿಂತ ಅದರ ವಾಸನೆ ಹೆಚ್ಚು ದುಡಿಯುತ್ತದೆ ಎನ್ನಬಹುದು. ದೊಡ್ಡ ಹೆಗ್ಗಣದ ತಂಟೆಗೆ ಬೆಕ್ಕು ಹೋಗದು ಎಂಬ ಮಾತೂ ನಿಜವೇ. ಅದು ಹಿಡಿಯುವುದು ಹೆಚ್ಚಾಗಿ ಮರಿಗಳನ್ನು, ಸಣ್ಣ ಇಲಿಗಳನ್ನು. ಹೊಸದಾಗಿ ನೆಲೆಯೂರಲು ಬರುವ ಇಲಿಗಳನ್ನು ತಡೆಯಲು ಅಷ್ಟು ಸಾಕು.

ಹೊಟ್ಟೆ ತುಂಬಿದ ಬೆಕ್ಕು ಬೇಟೆಯಾಡದು ಎಂಬ ನಂಬಿಕೆ ಮಾತ್ರ ಬಿಡಬೇಕಾದದ್ದು. ಬೇಟೆಯ ಚಪಲಕ್ಕೂ ಹಸಿವಿಗೂ ನೇರ ಸಂಬಂಧವಿಲ್ಲ. ಅನ್ನ ಹಾಕದ ಬೆಕ್ಕು ಇಲಿ ಹಿಡಿಯುವ ಬದಲು ಹೋಟೆಲಿನ ಹಿತ್ತಲು ಹುಡುಕಿಕೊಂಡು ಹೋಗುತ್ತದೆ. ಹೆಚ್ಚು ತೂಕವಿರುವ ಆಕ್ಷೇಪ ಶುಚಿತ್ವದ್ದು. ಆಹಾರ ಸುರಕ್ಷತೆಯ ನಿಯಮಗಳ ಪ್ರಕಾರ ಅಕ್ಕಿ ಸಿದ್ಧವಾಗುವ, ಚೀಲಕ್ಕೆ ತುಂಬುವ ಕೋಣೆಗೆ ಯಾವ ಪ್ರಾಣಿಯೂ ಬರಕೂಡದು. ಬೆಕ್ಕಿನ ಸರಹದ್ದು ಅಂಗಳ, ಉಮಿಯ ರಾಶಿ, ಕಾಂಪೌಂಡಿನ ಅಂಚು. ಬೆಕ್ಕಿನ ಮಲದಿಂದ ಹರಡುವ ಟೊಕ್ಸೊಪ್ಲಾಸ್ಮಾ ರೋಗಾಣು ಗಬ್ಬದ ಕುರಿ, ಮೇಕೆಗಳಲ್ಲಿ ಕಂದು ಹಾಕಿಸುತ್ತದೆ, ಬಸುರಿಯರಿಗೂ ಅಪಾಯ. ಕುರಿ ಸಾಕುವ ಮನೆಯಲ್ಲಿ ಮೇವಿನ ಕೋಣೆಗೆ ಬೆಕ್ಕು ನುಗ್ಗದಂತೆ ನೋಡಿಕೊಳ್ಳಲಾಗದಿದ್ದರೆ ಈ ಯೋಚನೆಯನ್ನೇ ಬಿಡುವುದು ಲೇಸು. ಗುಬ್ಬಿ, ಹಲ್ಲಿ, ಓತಿಕ್ಯಾತಗಳೂ ಬೆಕ್ಕಿಗೆ ಬಲಿಯಾಗುತ್ತವೆ. ಸಂತಾನಹರಣವಿಲ್ಲದ ಬೆಕ್ಕನ್ನು ಬಿಡಲೇಬಾರದು ಎನ್ನುವುದು ಅದಕ್ಕೇ. ಗದ್ದೆಯ ಮಾತಂತೂ ಬೇರೆಯೇ: ಅಲ್ಲಿ ಬೆಕ್ಕಿಗಿಂತ ಗೂಬೆ ಮೇಲು, ಅದಕ್ಕೆ ಕೂರಲು ಕವಲು ಕಟ್ಟಿಗೆ ನೆಟ್ಟರೆ ಸಾಕು, ಅಪಶಕುನವೆಂದು ಕಲ್ಲು ಹೊಡೆಯದಿದ್ದರೆ.

ಕಾವಲು ಶುರು ಮಾಡಲು ತಕ್ಕ ಕಾಲ ಬೇಸಿಗೆ ನೆಲ್ಲು ಮಾರಾಟವಾಗಿ ಗೋದಾಮು ಬರಿದಾಗುವ ದಿನಗಳು. ಆಗ ಬಿಲಗಳಿಗೆ ಸಿಮೆಂಟು ಮೆತ್ತಿ, ಬಾಗಿಲ ಸಂದಿಗೆ ತಗಡು ಹೊಡೆದು, ಬೋನಿಟ್ಟು ಇದ್ದ ಇಲಿಗಳನ್ನು ಹಿಡಿಯಬೇಕು. ವಿಷ ಬಳಸಿದ್ದರೆ ಸತ್ತ ಇಲಿಗಳನ್ನು ಹುಡುಕಿ ಹೂಳಬೇಕು. ಬ್ರೊಮಾಡಿಯೊಲೋನ್‌ನಂಥ ಪಾಷಾಣ ತಿಂದ ಇಲಿಯನ್ನು ತಿಂದರೆ ಬೆಕ್ಕೂ ಸಾಯಬಹುದು. ಅದಾದ ಮೇಲೆ ಒಂದಲ್ಲ, ಎರಡು ಬೆಕ್ಕುಗಳನ್ನು ತಂದು ಮೂರು ನಾಲ್ಕು ವಾರ ಅಲ್ಲೇ ಮುಚ್ಚಿದ ಕೋಣೆಯಲ್ಲಿ ಅನ್ನ, ನೀರು ಕೊಟ್ಟು ಇರಿಸಬೇಕು. ತಂದ ದಿನವೇ ಬಿಟ್ಟರೆ ಅವು ಹಳೆಯ ಬೀದಿ ಹುಡುಕಿಕೊಂಡು ಹೊರಟುಬಿಡುತ್ತವೆ.