ಡಬ್ಬಿಯ ಮೇಲಿನ 24 ಗ್ರಾಂ

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಜಿಮ್ಮಿಗೆ ಹೋಗುವ ಹುಡುಗನೊಬ್ಬ ಪ್ರೋಟೀನ್ ಡಬ್ಬಿ ಕೊಳ್ಳಬೇಕೆಂದರೆ ಕೆಜಿಗೆ ಎರಡು-ಮೂರು ಸಾವಿರ ರೂಪಾಯಿ ತೆರಬೇಕು. ಅದು ಅವನ ಸಂಬಳದ ದೊಡ್ಡ ಪಾಲು. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡುತ್ತ ಬೆಳೆದ ಊರು ಇದು. ಗರಡಿಮನೆಯ ಪೈಲ್ವಾನರಿಗೆ ತಾವು ತಿನ್ನುವ ಬಾದಾಮಿ, ಕುಡಿಯುವ ಹಾಲು ಕಣ್ಣೆದುರಿಗೇ ಇರುತ್ತಿತ್ತು. ಡಬ್ಬಿಯ ಪುಡಿಯ ಮಟ್ಟಿಗೆ ಕಣ್ಣೂ ನಾಲಿಗೆಯೂ ಕೆಲಸಕ್ಕೆ ಬಾರವು. 'ಒಂದು ಅಳತೆಗೆ 24 ಗ್ರಾಂ ಪ್ರೋಟೀನ್' ಎಂದು ಅಚ್ಚಾಗಿದ್ದರೆ ನಂಬಿ ಕುಡಿಯಬೇಕು, ಅಷ್ಟೆ. ಆ 24 ನಿಜವೋ ಸುಳ್ಳೋ ಎಂದು ತಿಳಿಯುವ ದಾರಿಯನ್ನು ಮನುಷ್ಯ ಕಂಡುಕೊಂಡದ್ದು ಬಿಯರ್ ಕಾರ್ಖಾನೆಯೊಂದರ ಆಸರೆಯಲ್ಲಿ.

ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಕಾರ್ಲ್ಸ್‌ಬರ್ಗ್ ಕಂಪನಿಯ ಮಾಲೀಕ ಜೇಕಬ್‌ಸೆನ್ 1875ರಲ್ಲಿ ಒಂದು ಪ್ರಯೋಗಾಲಯ ಕಟ್ಟಿಸಿದ. ಅಲ್ಲಿನ ರಸಾಯನ ವಿಭಾಗದ ಮುಖ್ಯಸ್ಥ ಯೋಹಾನ್ ಕೆಲ್ಡಾಲ್. ಬಾರ್ಲಿ ಕಾಳು ಮೊಳಕೆಯೊಡೆದು ಬಿಯರ್ ಆಗುವವರೆಗೆ ಅದರ ಪ್ರೋಟೀನ್ ಹೇಗೆ ಬದಲಾಗುತ್ತದೆ ಎಂಬುದು ಅವನಿಗೆ ಬೇಕಿತ್ತು. ಪ್ರೋಟೀನಿನ ಅಳತೆಗೆ ಅದರಲ್ಲಿರುವ ಸಾರಜನಕವೇ ಸುಳಿವು. ಅದನ್ನು ತಿಳಿಯಲು ಫ್ರಾನ್ಸಿನ ಡ್ಯೂಮಾ 1831ರಲ್ಲೇ ಒಂದು ವಿಧಾನ ಕೊಟ್ಟಿದ್ದ: ವಸ್ತುವನ್ನು ಸುಟ್ಟು ಹೊರಬರುವ ಸಾರಜನಕ ಅನಿಲವನ್ನು ಹಿಡಿದು ಅಳೆಯುವುದು. ದಿನನಿತ್ಯದ ಪರೀಕ್ಷೆಗೆ ಅದು ಒಗ್ಗುವಂತಿರಲಿಲ್ಲ. ಕೆಲ್ಡಾಲ್ ಬೇರೆ ದಾರಿ ಹಿಡಿದ. ಉದ್ದ ಕತ್ತಿನ ಗಾಜಿನ ಬುರುಡೆಗೆ ಮಾದರಿಯನ್ನು ಹಾಕಿ, ಗಟ್ಟಿ ಗಂಧಕಾಮ್ಲದಲ್ಲಿ ಕುದಿಸಿದ. ಮೊದಲು ಎಲ್ಲವೂ ಕರ್ರಗಾಗಿ ನೊರೆ ಬರುತ್ತದೆ, ಬಿಳಿ ಹೊಗೆಯೇಳುತ್ತದೆ, ಕುದಿಯುತ್ತ ಕುದಿಯುತ್ತ ಕೊನೆಗೆ ತಿಳಿಯಾದ ದ್ರವ ಉಳಿಯುತ್ತದೆ. ಪ್ರೋಟೀನಿನಲ್ಲಿದ್ದ ಸಾರಜನಕವೆಲ್ಲ ಅಷ್ಟೊತ್ತಿಗೆ ಅಮೋನಿಯಂ ಲವಣವಾಗಿರುತ್ತದೆ. ಅದಕ್ಕೆ ಕ್ಷಾರ ಬೆರೆಸಿ ಭಟ್ಟಿ ಇಳಿಸಿದರೆ ಅಮೋನಿಯಾ ಹೊರಬರುತ್ತದೆ. ಅದನ್ನು ಹಿಡಿದು ಅಳೆದರಾಯಿತು. 1883ರ ಮಾರ್ಚ್ 7ರಂದು ಅವನು ಇದನ್ನು ಡೆನ್ಮಾರ್ಕಿನ ರಸಾಯನ ಸಂಘದ ಮುಂದಿಟ್ಟ.

ಇಂದಿಗೂ ಆಹಾರ ಪ್ರಯೋಗಾಲಯಗಳಲ್ಲಿ ಇದೇ ನಡೆಯುತ್ತದೆ. ಹೊರಬಂದ ಅಮೋನಿಯಾವನ್ನು ಬೋರಿಕ್ ಆಮ್ಲದಲ್ಲಿ ಹಿಡಿದಾಗ ಸೂಚಕದ ಗುಲಾಬಿ ಬಣ್ಣ ಹಸಿರಿಗೆ ತಿರುಗುತ್ತದೆ. ಮತ್ತೆ ಗುಲಾಬಿಯಾಗುವವರೆಗೆ ಹನಿಹನಿಯಾಗಿ ಆಮ್ಲ ಬಿಟ್ಟು ಲೆಕ್ಕ ತೆಗೆಯುತ್ತಾರೆ. ಪ್ರೋಟೀನಿನಲ್ಲಿ ಸುಮಾರು 16% ಸಾರಜನಕ ಇರುವುದರಿಂದ, ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿದರೆ ಪ್ರೋಟೀನ್. ಹಾಲಿನ ಪದಾರ್ಥಕ್ಕಾದರೆ 6.38.

ಈ ಗುಣಾಕಾರದಲ್ಲೇ ಮೋಸಕ್ಕೆ ಬಾಗಿಲು ತೆರೆದಿತ್ತು. ಕೆಲ್ಡಾಲ್ ಅಳೆದದ್ದು ಸಾರಜನಕವನ್ನು, ಪ್ರೋಟೀನನ್ನಲ್ಲ. ಸಾರಜನಕ ಎಲ್ಲಿಂದ ಬಂತೆಂದು ಅವನ ಬುರುಡೆ ಕೇಳುವುದಿಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮಿನ್ ಸೇರಿಸಿದವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮೆಲಮಿನ್ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ. ಅದರ ತೂಕದ ಮೂರನೇ ಎರಡು ಪಾಲು ಸಾರಜನಕ. ಒಂದು ಗ್ರಾಂ ಸೇರಿಸಿದರೆ ಪರೀಕ್ಷೆಯಲ್ಲಿ ನಾಲ್ಕು ಗ್ರಾಂಗೂ ಹೆಚ್ಚು 'ಪ್ರೋಟೀನ್' ಕಾಣಿಸುತ್ತದೆ. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಕೂಸುಗಳು ಸತ್ತವು. ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿಕೊಂಡ ಹಸುಳೆಗಳು ಆಸ್ಪತ್ರೆಗೆ ಬಂದಮೇಲಷ್ಟೇ ಲೋಕ ಎಚ್ಚೆತ್ತಿತು.

ಪ್ರೋಟೀನ್ ಡಬ್ಬಿಯ ಮೋಸ ಇಷ್ಟು ಕ್ರೂರವಲ್ಲ, ಆದರೆ ಜಾಡು ಅದೇ. ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಬಿಡಿ ಅಮೈನೊ ಆಮ್ಲಗಳನ್ನು ಪುಡಿಗೆ ಬೆರೆಸುತ್ತಾರೆ. ಗ್ಲೈಸಿನ್ನಿನಲ್ಲಿ 18.7% ಸಾರಜನಕವಿದೆ. ಒಂದು ಅಳತೆಯಲ್ಲಿ 6 ಗ್ರಾಂ ಗ್ಲೈಸಿನ್ ಇದ್ದರೆ ಕೆಲ್ಡಾಲ್ ಲೆಕ್ಕದಲ್ಲಿ ಅದು 7 ಗ್ರಾಂ ಪ್ರೋಟೀನ್ ಆಗಿ ಕೂರುತ್ತದೆ. ಅಂದರೆ 24ರಲ್ಲಿ 17 ಮಾತ್ರ ಅಸಲಿ. ಜಿಮ್ಮಿನವರು ಬೇರೆಯಾಗಿ ಸೇವಿಸುವ ಕ್ರಿಯಾಟಿನ್ ಬೆರೆಸಿದರೆ ಗ್ರಾಂಗೆ ಸುಮಾರು ಎರಡು ಗ್ರಾಂ 'ಪ್ರೋಟೀನ್' ಲಾಭ. ಕ್ರಿಯಾಟಿನ್ ಸೇವಿಸುವುದು ತಪ್ಪಲ್ಲ. ಅದನ್ನು ಪ್ರೋಟೀನ್ ಎಂದು ಮಾರುವುದು ತಪ್ಪು.

ಇದನ್ನು ಹಿಡಿಯಲು ಇನ್ನೊಂದು ಪರೀಕ್ಷೆ ಬೇಕು. ಪುಡಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿಯಲ್ಲಿ ಸುಮಾರು ಒಂದು ದಿನ ಕಾಯಿಸಿ, ಪ್ರೋಟೀನಿನ ಸರಪಳಿ ಬಿಡಿಸಿ, ಬಂದ ಅಮೈನೊ ಆಮ್ಲಗಳನ್ನು ಎಚ್‌ಪಿಎಲ್‌ಸಿ ಯಂತ್ರದಲ್ಲಿ ಒಂದೊಂದಾಗಿ ಬೇರ್ಪಡಿಸುತ್ತಾರೆ. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿರುವ, ಹಾಲಿನಿಂದ ಬರುವ ವೇ ಪ್ರೋಟೀನಿನಲ್ಲಿ ಲ್ಯೂಸಿನ್ ಹೆಚ್ಚು, ಗ್ಲೈಸಿನ್ ತೀರ ಕಡಿಮೆ. ಯಂತ್ರ ಬರೆಯುವ ಚಿತ್ರದಲ್ಲಿ ಗ್ಲೈಸಿನ್ ಗೆರೆ ವಿಪರೀತ ಮೇಲೆದ್ದರೆ ಬೆರಕೆಯೆಂದೇ ಅರ್ಥ. ಆಮ್ಲದಲ್ಲಿ ಕಾಯಿಸದೆ ಇನ್ನೊಮ್ಮೆ ಅಳೆದರೆ ಬಿಡಿಯಾಗಿ ಬೆರೆಸಿದ್ದೆಷ್ಟು ಎಂಬುದೂ ಸಿಗುತ್ತದೆ.

ನಮ್ಮ ದೇಶದ ಡಬ್ಬಿಗಳ ಮುಚ್ಚಳವನ್ನು ಎಲ್ಲರೆದುರು ತೆರೆದದ್ದು 2024ರಲ್ಲಿ. ಕೇರಳದ ಯಕೃತ್ತಿನ ತಜ್ಞ ಡಾ. ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತು ಸಂಗಡಿಗರು ಯಾವ ಕಂಪನಿಯ ಹಣವನ್ನೂ ಮುಟ್ಟದೆ, ಭಾರತದಲ್ಲಿ ಮಾರಾಟವಾಗುವ 36 ಉತ್ಪನ್ನಗಳನ್ನು ಪರೀಕ್ಷೆಗೆ ಒಡ್ಡಿದರು. 'ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಅವರ ವರದಿಯ ಪ್ರಕಾರ ಸುಮಾರು 70% ಡಬ್ಬಿಗಳ ಮೇಲಿನ ಪ್ರೋಟೀನ್ ಮಾಹಿತಿ ಸರಿಯಿರಲಿಲ್ಲ. ಕೆಲವುಗಳಲ್ಲಿ ಹೇಳಿದ್ದರ ಅರ್ಧದಷ್ಟೇ ಇತ್ತು. 8%ರಲ್ಲಿ ಕೀಟನಾಶಕದ ಶೇಷ, 14%ರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ.

ಅಫ್ಲಾಟಾಕ್ಸಿನ್ ಎಂಬ ಹೆಸರು ಬಂದಾಗ ಕರ್ನಾಟಕದವರು ಮೈಸೂರನ್ನು ನೆನೆಯಬೇಕು. 1950ರಲ್ಲಿ ಅಲ್ಲಿನ ಚೆಲುವಾಂಬ ಅರಮನೆಯಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಸಂಸ್ಥೆಯಲ್ಲಿ, ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ, ಕಡಲೆಕಾಯಿ ಹಿಂಡಿಯ ಹಿಟ್ಟು ಮತ್ತು ಕಡಲೆಹಿಟ್ಟು ಸೇರಿಸಿ ಬಡವರಿಗೆ ಅಗ್ಗದ ಪ್ರೋಟೀನ್ ಪುಡಿ ತಯಾರಾಯಿತು. ಇಂದಿನ ಡಬ್ಬಿಗಳಿಗಿಂತ ಎಷ್ಟೋ ದೊಡ್ಡ ಮನಸ್ಸಿನ ಪುಡಿ ಅದು. ಅಷ್ಟರಲ್ಲಿ, 1960ರಲ್ಲಿ, ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕುತ್ತ ಹೋದಾಗ ಸಿಕ್ಕಿದ್ದು ಮೇವಿನ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಬೂಷ್ಟಿನ ಇದೇ ವಿಷ; ಮೈಸೂರಿನ ಪುಡಿಗೂ ಅದೇ ಬಗೆಯ ಹಿಂಡಿ ಬಳಕೆಯಾಗಿತ್ತು. ಯಕೃತ್ತಿಗೆ ಕ್ಯಾನ್ಸರ್ ತರಬಲ್ಲ ಈ ವಿಷ ಕಡಲೆಕಾಯಿಯಲ್ಲಷ್ಟೇ ಅಲ್ಲ, ತೇವದಲ್ಲಿ ಕೂಡಿಟ್ಟ ಮೆಕ್ಕೆಜೋಳದಲ್ಲೂ ಬರುತ್ತದೆ. ದಾವಣಗೆರೆಯ ಮಾರುಕಟ್ಟೆಯಲ್ಲಿ ತೇವಾಂಶ ನೋಡದೆ ಮೆಕ್ಕೆಜೋಳಕ್ಕೆ ದರ ಕಟ್ಟುವುದಿಲ್ಲ. ಸಾವಿರಾರು ರೂಪಾಯಿಯ ಡಬ್ಬಿಗೆ ಅಷ್ಟಾದರೂ ತಪಾಸಣೆ ಬೇಡವೇ?

ಕೇಳುವ ಹಕ್ಕು ಕಾನೂನಿನಲ್ಲೇ ಇದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಯಾವ ಗ್ರಾಹಕನಾದರೂ ಶುಲ್ಕ ಕಟ್ಟಿ ತಾನು ಕೊಂಡ ಆಹಾರವನ್ನು ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕಳಿಸುತ್ತೇನೆಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ಪದಾರ್ಥ ನಿಯಮಕ್ಕೆ ತಕ್ಕಂತಿಲ್ಲವೆಂದಾದರೆ ಶುಲ್ಕ ವಾಪಸು, ವರದಿ ಕ್ರಮಕ್ಕಾಗಿ ಅಧಿಕಾರಿಗೆ. ಒಬ್ಬನಿಗೆ ಖರ್ಚು ಭಾರವೆನಿಸಿದರೆ ಒಂದೇ ಜಿಮ್ಮಿನ ಹತ್ತು ಜನ ಹಂಚಿಕೊಳ್ಳಬಹುದು. ಅರ್ಜಿಯಲ್ಲಿ 'ಒಟ್ಟು ಪ್ರೋಟೀನ್' ಎಂದಷ್ಟೇ ಬರೆದರೆ ಸಿಗುವುದು ಕೆಲ್ಡಾಲ್ ಲೆಕ್ಕ. ಜೊತೆಗೆ ಅಮೈನೊ ಆಮ್ಲಗಳ ವಿವರವನ್ನೂ ಅಫ್ಲಾಟಾಕ್ಸಿನ್ ಪರೀಕ್ಷೆಯನ್ನೂ ಕೇಳಬೇಕು.